ಹೆರಿಗೆಯ ಮನೆಯಲ್ಲಿ ಆಡಿದ ಮಾತು

‘ತಾಯಿ ಮಗು ಇಬ್ಬರೂ ಕ್ಷೇಮ’. ಸಂಸಾರಸ್ಥನಿಗೆ ಇದಕ್ಕಿಂತ ಮಂಗಳಕರವಾದ ವಾರ್ತೆ ಬೇರೊಂದಿಲ್ಲ. ಹದಿನಾರು ವರ್ಷಗಳ ಹಿಂದೆ ಆಸ್ಪತ್ರೆಯೊಂದರ ಪಡಸಾಲೆಯಲ್ಲಿ ನಿಂತು ಈ ಮಾತನ್ನು ಕೇಳಿದಾಗ, ಇನ್ನು ಕೇಳಬೇಕಾದುದೇನೂ ಉಳಿದಿಲ್ಲವೆಂದೇ ನಾನು ಭಾವಿಸಿದ್ದೆ. ಉಳಿದದ್ದು ಬಹಳವಿತ್ತೆಂದು ಅರಿವಾದದ್ದು ಈಚೆಗೆ. ಅಣ್ಣನ ಮಗಳು ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಾಗ, ನನ್ನ ಪತ್ನಿ ತನ್ನ ಎರಡು ಹೆರಿಗೆಗಳ ಕಥೆಯನ್ನು ಅವಳಿಗೆ ಹೇಳುತ್ತಿದ್ದಳು. ಮೊದಲನೆಯದರಲ್ಲಿ ನೋವು ಎಷ್ಟಿತ್ತೆಂಬುದು ಆಕೆಗೆ ಮರೆತುಹೋಗಿದೆ. ‘ಇಷ್ಟು ಕೂಗಾಡುವವಳು ಬಸಿರಾದದ್ದೇಕೆ?’ ಎಂದು ದಾದಿ ಗದರಿದ್ದು ಮಾತ್ರ ಮರೆತಿಲ್ಲ. ಎರಡನೆಯದು ಇನ್ನೂ ದೀರ್ಘ, ಇನ್ನೂ ಕಠಿನ. ಆದರೂ ಅದನ್ನು ಆಕೆ ನಗುನಗುತ್ತ ವರ್ಣಿಸಿದಳು. ಆ ರಾತ್ರಿಯೆಲ್ಲ ವಯಸ್ಸಾದ ಆಯಾ ಒಬ್ಬಳು ‘ಇನ್ನೇನು ಆಯಿತು ಮಗಳೆ’ ಎನ್ನುತ್ತ ಸೊಂಟ ನೀವುತ್ತಿದ್ದಳಂತೆ.

ಇದು ಒಬ್ಬಾಕೆಯ ಮನೋಧರ್ಮವಷ್ಟೇ ಎಂದು ತಳ್ಳಿಹಾಕುವಂತಿಲ್ಲ. ಕೆನಡಾದ ವಿದುಷಿ ಎಲೆನ್ ಹಾಡ್ನೆಟ್ ಅವರು ಈ ವಿಷಯವನ್ನು ಕುರಿತ 137 ವರದಿಗಳನ್ನು ಪರಿಶೀಲಿಸಿ, 2002ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಹೆರಿಗೆಯ ಅನುಭವವನ್ನು ಹೆಂಗಸು ತೃಪ್ತಿಯಿಂದ ನೆನೆಯುವಳೋ ಕಹಿಯಿಂದ ನೆನೆಯುವಳೋ ಎಂಬುದು ಮುಖ್ಯವಾಗಿ ನಾಲ್ಕು ಸಂಗತಿಗಳನ್ನು ಅವಲಂಬಿಸಿದೆ: ಆಕೆಯ ನಿರೀಕ್ಷೆ, ಆಕೆಗೆ ದೊರೆತ ಆಸರೆ, ಆರೈಕೆ ಮಾಡುವವರೊಡನೆ ಕೂಡಿಬಂದ ಸಂಬಂಧ, ತೀರ್ಮಾನಗಳಲ್ಲಿ ಆಕೆಗಿದ್ದ ಪಾಲು. ನೋವಿನ ಪ್ರಭಾವ ಇವುಗಳಷ್ಟು ಪ್ರಬಲವಲ್ಲ. ಎಂದರೆ, ಹೊಟ್ಟೆ ಕೊಯ್ದು ಮಗುವನ್ನು ತೆಗೆಯಬೇಕಾಗಿ ಬಂದಾಗಲೂ, ಏಕೆಂದು ಆಕೆಗೆ ತಿಳಿಯಹೇಳಿ ಒಪ್ಪಿಗೆ ಕೇಳುವುದು ಬರಿಯ ಉಪಚಾರವಲ್ಲ.

ಭಾಷೆಯನ್ನು ಬೋಧಿಸುವ ನನಗೆ ಇಲ್ಲಿ ಒಂದು ಸೂಕ್ಷ್ಮ ಕಾಣುತ್ತದೆ. ಆ ದಾದಿಯೂ ಈ ಆಯಾಳೂ ನನ್ನ ಪತ್ನಿಯನ್ನು ಏಕವಚನದಲ್ಲಿಯೇ ಮಾತನಾಡಿಸಿದರು. ವ್ಯಾಕರಣ ಒಂದೇ, ಒಂದರಲ್ಲಿ ತಿರಸ್ಕಾರ, ಇನ್ನೊಂದರಲ್ಲಿ ತಾಯ್ತನ. ಆದುದರಿಂದ ‘ನೀವು’ ಎಂದು ಕರೆಯಿರೆಂಬ ಸುತ್ತೋಲೆಯಿಂದ ಮಾತ್ರವೇ ಈ ಕೊರತೆ ನೀಗದು.

ಹಾಗೆಂದು ನಾನು ಹಳೆಯ ಕಾಲವನ್ನು ಹಾಡಿ ಹೊಗಳುವವನಲ್ಲ. ಪಾವಗಡದ ಕಡೆ ಸಾವಿರಾರು ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರಂಥವರು ವಂದ್ಯರೇ ಸರಿ. ಆದರೆ ಬಾಣಂತಿಯ ಪ್ರಾಣಕ್ಕೆ ಅಪಾಯ ಬಂದಾಗ ಕಾಯುವುದು ಆಸ್ಪತ್ರೆಯೇ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಹೆರಿಗೆಗಳಲ್ಲಿ ನೂರಕ್ಕೆ 97 ಆಸ್ಪತ್ರೆಗಳಲ್ಲಿಯೇ ಆದವು. ಬಾಗಿಲಿಗೆ ಬಂದವಳನ್ನು ಹೇಗೆ ಬರಮಾಡಿಕೊಳ್ಳುತ್ತೇವೆ ಎಂಬುದೇ ಈಗಿನ ಪ್ರಶ್ನೆ. ಹತ್ತು ಹಾಸಿಗೆಗಳ ನಡುವೆ ಓಡಾಡುವ ಒಬ್ಬಳೇ ದಾದಿಯಿಂದ ಸೈರಣೆಯನ್ನು ನಿರೀಕ್ಷಿಸುವುದು ಸುಲಭ. ಅವಳ ಜೊತೆಗೆ ಇನ್ನೊಬ್ಬಳನ್ನು ನೇಮಿಸುವುದು ನ್ಯಾಯ. ಹೆರುವವಳ ಬಳಿ ಅವಳ ಕಡೆಯ ಹೆಂಗಸೊಬ್ಬಳು ಇರಬಹುದೆಂದು ಕೇಂದ್ರ ಸರ್ಕಾರ 2016ರಲ್ಲಿಯೇ ಸರ್ಕಾರಿ ಆಸ್ಪತ್ರೆಗಳಿಗೆ ತಿಳಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯೂ 2018ರಲ್ಲಿ, ಹೆರುವವಳು ತಾನೇ ಆರಿಸಿಕೊಂಡ ಸಂಗಾತಿ ಅವಳ ಬಳಿ ಇರಬೇಕೆಂದು ಶಿಫಾರಸು ಮಾಡಿತು. ಇದು ಎಲ್ಲ ಕಡೆಯೂ ಆಚರಣೆಗೆ ಬರಲಿ.

ದಾದಿಯನ್ನು ದೂರುವ ಮೊದಲು ನನ್ನನ್ನೂ ದೂರಿಕೊಳ್ಳಬೇಕು. ಹದಿನಾರು ವರ್ಷ ಆಕೆ ಆ ಮಾತನ್ನು ಒಬ್ಬಳೇ ಹೊತ್ತಳು. ಮಗುವಿನ ತೂಕವನ್ನು ಹತ್ತು ಜನರಿಗೆ ಹೇಳಿದ ನಾನು, ‘ನಿನ್ನನ್ನು ಹೇಗೆ ನೋಡಿಕೊಂಡರು?’ ಎಂದು ಒಮ್ಮೆಯೂ ಕೇಳಿರಲಿಲ್ಲ. ಅಣ್ಣನ ಮಗಳಿಗೆ ಹೆರಿಗೆಯಾದ ದಿನ ಅವಳ ಗಂಡನನ್ನು ಪಕ್ಕಕ್ಕೆ ಕರೆದು, ಒಳಗೆ ಹೋದೊಡನೆ ಮೊದಲು ಅದನ್ನೇ ಕೇಳು ಎಂದು ಹೇಳಿ ಕಳುಹಿಸಿದೆ.