ಹಳೆಯ ಕಟ್ಟಡಗಳಿಗೆ ವಿನಾಯಿತಿ, ಹಳೆಯ ಕಾಡಿಗೆ ಕೊಡಲಿ

ವಿದ್ಯುತ್ತಿನ ಕೊರತೆಯ ಮಾತು ರಾಜಧಾನಿಯಲ್ಲಿ ಎದ್ದಾಗಲೆಲ್ಲ ಮಲೆನಾಡಿನ ಯಾವುದಾದರೊಂದು ಕಣಿವೆಯ ನಕ್ಷೆ ಅಧಿಕಾರಿಗಳ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಮುಗಿದಾಗ ನೆಲೆ ಕಳೆದುಕೊಂಡವರ ಭೂಹಕ್ಕಿನ ಪ್ರಶ್ನೆ ಇಂದಿಗೂ ಪೂರ್ಣವಾಗಿ ಇತ್ಯರ್ಥವಾಗಿಲ್ಲ. ಅಷ್ಟರಲ್ಲಿ ಅದೇ ಶರಾವತಿ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದೊಳಗೆ, 2000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಮುಂದಿಡಲಾಗಿದೆ. ಗೇರುಸೊಪ್ಪ ಜಲಾಶಯದ ನೀರನ್ನು ತಲಕಳಲೆಗೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಡುವುದು ಇದರ ಬಗೆ. ಇಂಥ ಸ್ಥಾವರ ಹೊಸ ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ನೀರೆತ್ತಲು 100 ಯೂನಿಟ್ ವ್ಯಯಿಸಿದರೆ ಮರಳಿ ದೊರೆಯುವುದು ಸುಮಾರು 75ರಿಂದ 80 ಯೂನಿಟ್ ಮಾತ್ರ.

ಏರುವ ಆ ಬೇಡಿಕೆ ಯಾರದು, ಅದರಲ್ಲಿ ಪೋಲಾಗುವುದೆಷ್ಟು ಎಂಬ ಪ್ರಶ್ನೆಯನ್ನು ಯೋಜನಾಕಾರರು ಮೊದಲು ಕೇಳಬೇಕಿತ್ತು. ನಗರಗಳ ಗಾಜಿನ ಗೋಡೆಯ ಕಚೇರಿಗಳು ಬಿಸಿಲನ್ನು ಒಳಗೆ ಬಿಟ್ಟುಕೊಂಡು, ಆ ಶಾಖವನ್ನು ಹೊರದಬ್ಬಲು ಹವಾನಿಯಂತ್ರಕಗಳನ್ನು ಓಡಿಸುತ್ತವೆ. ಕಾಂಕ್ರೀಟಿನ ಬೋಳು ತಾರಸಿಗಳು ಹಗಲಿಡೀ ಹೀರಿದ ಬಿಸಿಯನ್ನು ಸಂಜೆ ಒಳಕ್ಕೆ ಇಳಿಸುತ್ತವೆ. ಹಳೆಯ ಶೀತಲ ಯಂತ್ರಗಳೂ ಅಗತ್ಯಕ್ಕಿಂತ ದೊಡ್ಡ ಪಂಪುಗಳೂ ವರ್ಷಗಟ್ಟಲೆ ಹಾಗೆಯೇ ತಿರುಗುತ್ತಿರುತ್ತವೆ.

ಕಾನೂನು ಇಲ್ಲವೆಂದಲ್ಲ. ಇಂಧನ ಸಂರಕ್ಷಣಾ ಕಾಯಿದೆ 2001ರಲ್ಲೇ ಬಂದಿತು. ವಾಣಿಜ್ಯ ಕಟ್ಟಡಗಳ ಸಂಹಿತೆ 2007ರಲ್ಲಿ, ವಸತಿ ಕಟ್ಟಡಗಳ ‘ಇಕೋ ನಿವಾಸ್ ಸಂಹಿತಾ’ 2018ರಲ್ಲಿ ಬಂದವು. ಆದರೆ ಇವುಗಳ ದೃಷ್ಟಿ ಮುಖ್ಯವಾಗಿ ಮುಂದೆ ಕಟ್ಟುವ ದೊಡ್ಡ ಕಟ್ಟಡಗಳ ಮೇಲೆ. ಈಗಾಗಲೇ ನಿಂತಿರುವ ಕಚೇರಿಗಳಿಗೆ 2009ರಲ್ಲಿ ಆರಂಭವಾದ ನಕ್ಷತ್ರ ಶ್ರೇಣಿಯೂ ಸ್ವಯಂಪ್ರೇರಿತ. ಇಚ್ಛೆಯಿದ್ದವರು ಪಡೆಯಬಹುದು, ಇಲ್ಲದವರನ್ನು ಕೇಳುವವರಿಲ್ಲ. ಹವಾನಿಯಂತ್ರಕವನ್ನು ಒಂದು ಡಿಗ್ರಿ ಮೇಲಕ್ಕೆ ಇಟ್ಟರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ತಾನೇ ಹೇಳಿತು. ಅದರಂತೆ 24 ಡಿಗ್ರಿಯ ಆರಂಭಿಕ ಮಟ್ಟವನ್ನು 2020ರಿಂದ ಕಡ್ಡಾಯ ಮಾಡಿದ್ದು ಹೊಸ ಯಂತ್ರಗಳಿಗೆ ಮಾತ್ರ.

ಇದು ಅಸಾಧ್ಯದ ಮಾತೇ? ನ್ಯೂಯಾರ್ಕ್ ನಗರ 2019ರಲ್ಲಿ ಮಾಡಿದ ಕಾನೂನು 25,000 ಚದರಡಿಗಿಂತ ದೊಡ್ಡದಾದ ಬಹುಪಾಲು ಕಟ್ಟಡಗಳ, ಹಳೆಯವೂ ಸೇರಿದಂತೆ, ಇಂಗಾಲದ ಹೊರಸೂಸುವಿಕೆಗೆ 2024ರಿಂದ ಮಿತಿ ಹಾಕಿದೆ, ಮೀರಿದರೆ ದಂಡವಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ನಿಗದಿತ ದಕ್ಷತೆಗಿಂತ ಕೆಳಗಿರುವ ಕಟ್ಟಡವನ್ನು, ಕೆಲವು ವಿನಾಯಿತಿಗಳ ಹೊರತು, ಹೊಸದಾಗಿ ಬಾಡಿಗೆಗೆ ಕೊಡುವಂತಿಲ್ಲವೆಂಬ ನಿಯಮ 2018ರಿಂದಲೇ ಇದೆ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ರೆಡ್ಡಿ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಲ್ಲಿಯೇ ಕರ್ನಾಟಕದ ಅಧಿಕೃತ ವಿದ್ಯುತ್ ಯೋಜನೆಗೆ ಪರ್ಯಾಯವೊಂದನ್ನು ಲೆಕ್ಕ ಹಾಕಿ ಕೊಟ್ಟಿದ್ದರು. ಜನರಿಗೆ ಬೇಕಾದುದು ಯೂನಿಟ್ಟುಗಳಲ್ಲ, ಬೆಳಕು, ಬಿಸಿನೀರು, ತಂಪು ಎಂಬುದು ಅವರ ವಾದದ ತಿರುಳು. ದಕ್ಷ ದೀಪ, ಸೌರ ಜಲತಾಪಕ, ಸುಧಾರಿತ ಪಂಪುಗಳನ್ನು ಲೆಕ್ಕಕ್ಕೆ ಹಿಡಿದಾಗ ಅಧಿಕೃತ ಅಂದಾಜಿನ ಅರ್ಧಕ್ಕಿಂತ ಕಡಿಮೆ ಸಾಮರ್ಥ್ಯ ಸಾಕಾಗುತ್ತದೆಂದು ಅವರು ತೋರಿಸಿದರು. ಆ ದಾರಿಯನ್ನು ಸರ್ಕಾರಗಳು ಮುಖ್ಯ ದಾರಿಯಾಗಿ ಹಿಡಿಯಲಿಲ್ಲ.

ಹಳೆಯ ಕಟ್ಟಡ ದುರಸ್ತಿಗೆ ಹಣವೆಲ್ಲಿ ಎಂಬ ಆಕ್ಷೇಪ ಸಹಜವಾಗಿ ಬರುತ್ತದೆ. ತಾರಸಿಗೆ ಬಿಳಿ ಲೇಪ, ಗಾಜಿಗೆ ಹೊರನೆರಳು, ಪಂಪಿನ ವೇಗ ನಿಯಂತ್ರಣ, ಎಲ್‌ಇಡಿ ದೀಪ ಇವುಗಳಿಗಾಗುವ ಖರ್ಚನ್ನು ಉಳಿದ ವಿದ್ಯುತ್ತೇ ಕಾಲಕ್ರಮದಲ್ಲಿ ತೀರಿಸಬಲ್ಲದು. ಕಡಿದ ಕಾಡನ್ನು ಯಾವ ಬಿಲ್ಲೂ ತೀರಿಸಲಾರದು. ಬಡವರ ಮನೆಗಳ ಮೇಲೆ ದಂಡ ಹೇರಬೇಕೆಂದು ಯಾರೂ ಕೇಳುತ್ತಿಲ್ಲ. ಅಲ್ಲಿ ಸರ್ಕಾರವೇ ನೆರವು ನೀಡಲಿ. ಕಡ್ಡಾಯವು ಮಾಲು, ಹೋಟೆಲು, ದೊಡ್ಡ ಕಚೇರಿ ಹಾಗೂ ಸರ್ಕಾರಿ ಸೌಧಗಳಿಂದ ಆರಂಭವಾಗಲಿ.

ದಕ್ಷತೆಯೊಂದೇ ಎಲ್ಲ ಬೇಡಿಕೆಯನ್ನೂ ನೀಗಿಸದು, ಸೌರ ಮತ್ತು ಪವನ ವಿದ್ಯುತ್ತಿಗೆ ಸಂಗ್ರಹಣೆ ಬೇಕು ಎಂಬುದೂ ನಿಜ. ಆದರೆ ಸಂಜೆಯ ಹೊತ್ತು ಬಳಸದೆ ಉಳಿದ ಯೂನಿಟ್ಟನ್ನು ಎಲ್ಲಿಯೂ ಸಂಗ್ರಹಿಸಿಡಬೇಕಾಗಿಲ್ಲ. ತೂತು ಬಿದ್ದ ಕೊಡವನ್ನು ಬೆಸೆಯದೆ ಇನ್ನೊಂದು ಬಾವಿ ತೋಡಹೊರಟವರನ್ನು ಹಳ್ಳಿಯವರು ಬುದ್ಧಿವಂತರೆನ್ನಲಾರರು.

ಆದ್ದರಿಂದ ಬೇಡಿಕೆ ಸ್ಪಷ್ಟವಾಗಿರಲಿ. ಮೊದಲನೆಯದಾಗಿ, ಪ್ರತಿಯೊಂದು ದೊಡ್ಡ ಕಟ್ಟಡವೂ ಚದರ ಮೀಟರಿಗೆ ಎಷ್ಟು ಯೂನಿಟ್ ಬಳಸುತ್ತದೆಂಬುದನ್ನು ವರ್ಷವರ್ಷವೂ ಬಹಿರಂಗಪಡಿಸಬೇಕು. ಎರಡನೆಯದಾಗಿ, ಕಾಲಮಿತಿಯುಳ್ಳ ಕಡ್ಡಾಯ ಮಾನದಂಡ ಜಾರಿಯಾಗಬೇಕು. ಮೂರನೆಯದಾಗಿ, ಈ ಉಳಿತಾಯದ ಲೆಕ್ಕವನ್ನು ಮುಂದಿಡದ ಯಾವ ಯೋಜನೆಗೂ ಘಟ್ಟದ ಕಾಡಿನಲ್ಲಿ ಒಪ್ಪಿಗೆ ದೊರೆಯಬಾರದು. ಗ್ರಾಮಸಭೆಗಳು ಇದನ್ನು ಠರಾವಾಗಿ ಬರೆದು ಕಳುಹಿಸಲಿ. ವಿದ್ಯಾರ್ಥಿಗಳು ತಮ್ಮ ಕಾಲೇಜು ಕಟ್ಟಡದ ಬಿಲ್ಲಿನಿಂದಲೇ ಲೆಕ್ಕ ಆರಂಭಿಸಲಿ. ಮುಂದಿನ ಸಾರ್ವಜನಿಕ ಅಹವಾಲಿನಲ್ಲಿ ಅಧಿಕಾರಿಗಳು ಕಣಿವೆಯ ನಕ್ಷೆ ಬಿಚ್ಚುವ ಮೊದಲು ನಗರದ ಲೆಕ್ಕಪುಸ್ತಕ ಬಿಚ್ಚುವಂತಾಗಲಿ.