ಗಡಿನಾಡಿನ ಕನ್ನಡ ಶಾಲೆಗಳೂ ನಮ್ಮ ಕರ್ತವ್ಯವೂ

ಮಿತವ್ಯಯವು ಗುಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಮಿತವ್ಯಯದ ಹೆಸರಿನಲ್ಲಿ ಬಿತ್ತನೆಯ ಕಾಳನ್ನೇ ಬೀಸಿ ಉಣ್ಣುವವನನ್ನು ಯಾರೂ ಜಾಣನೆನ್ನರು. ಈ ಮಾತಿಗೆ ದೃಷ್ಟಾಂತವನ್ನು ಹುಡುಕುತ್ತ ನಾವು ಅಜ್ಜಂಪುರವನ್ನು ಬಿಟ್ಟು ಹೋಗಬೇಕಾಗಿಲ್ಲ. ನಮ್ಮ ಊರಿನ ಅಮೃತಮಹಲ್ ದನಗಳನ್ನು ಕಾಣದವರು ಈ ಸೀಮೆಯಲ್ಲಿ ಯಾರಿದ್ದಾರೆ? ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯಿಂದ ಮೊದಲ್ಗೊಂಡು, ಹೈದರನ ಮತ್ತು ಟಿಪ್ಪುವಿನ ಕಾಲದಲ್ಲಿ ವೃದ್ಧಿಯನ್ನು ಪಡೆದು, ಕಾವಲುಗಳೆಂಬ ವಿಸ್ತಾರವಾದ ಹುಲ್ಲುಗಾವಲುಗಳ ಆಸರೆಯಿಂದ ಉಳಿದುಬಂದ ಆ ಹಿಂಡುಗಳನ್ನು 1860ರಲ್ಲಿ ಅಂದಿನ ಮೈಸೂರಿನ ಆಡಳಿತವು ವೆಚ್ಚದ ನೆಪದಿಂದ ಮಾರಿಬಿಟ್ಟಿತು. ಲೆಕ್ಕದ ಪುಸ್ತಕದಲ್ಲಿ ಉಳಿತಾಯವು ಕಂಡಿತು. ಆದರೆ ಕೆಲವೇ ವರ್ಷಗಳಲ್ಲಿ ನಾಡಿಗಾದ ನಷ್ಟವು ತಿಳಿದುಬಂದು, 1866ರಲ್ಲಿ ದೊರೆತಷ್ಟು ದನಗಳನ್ನು ಕೂಡಿಸಿ ಆ ಇಲಾಖೆಯನ್ನು ಮರಳಿ ಸ್ಥಾಪಿಸಬೇಕಾಯಿತು.

ದನದ ಹಿಂಡನ್ನು ಮರಳಿ ಕೂಡಿಸಬಹುದು. ಒಂದು ಊರಿನ ಮಕ್ಕಳ ಬಾಯಿಂದ ಜಾರಿಹೋದ ನುಡಿಯನ್ನು ಯಾವ ಸಂತೆಯಿಂದ ಕೊಂಡು ತರುವುದು? ಕರ್ನಾಟಕದ ಎಲ್ಲೆಯ ಆಚೆಗೆ ಕಾಸರಗೋಡಿನಲ್ಲಿಯೂ ಮಂಜೇಶ್ವರದಲ್ಲಿಯೂ, ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರಗಳಲ್ಲಿಯೂ ನೆಲೆಸಿರುವ ನಮ್ಮ ಬಾಂಧವರ ಕನ್ನಡ ಶಾಲೆಗಳನ್ನು ನೆನೆದಾಗಲೆಲ್ಲ ಈ ಪ್ರಶ್ನೆಯು ನಮ್ಮನ್ನು ಬಾಧಿಸುತ್ತದೆ. ಅಲ್ಲಿ ಕಚೇರಿಯ ಭಾಷೆ ಬೇರೆ, ನ್ಯಾಯಾಲಯದ ಭಾಷೆ ಬೇರೆ, ಪೇಟೆಯ ಭಾಷೆಯೂ ದಿನದಿನಕ್ಕೆ ಬೇರೆಯಾಗುತ್ತಿದೆ. ಮನೆಯ ಹೊರಗೆ ಕನ್ನಡಕ್ಕೆ ಉಳಿದಿರುವ ಗಟ್ಟಿಯಾದ ಆಶ್ರಯವೆಂದರೆ ಶಾಲೆಯೊಂದೇ. ಆ ಶಾಲೆಯಾದರೋ ಸರಕಾರದ ದ್ರವ್ಯದಿಂದಲೇ ಜೀವಿಸತಕ್ಕದ್ದು.

ಕಾಸರಗೋಡಿನ ಚರಿತ್ರೆಯನ್ನು ನಮ್ಮ ವಾಚಕರು ಬಲ್ಲರು. ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಅಂಗವಾಗಿದ್ದ ಆ ತಾಲ್ಲೂಕು 1956ರ ನವೆಂಬರ್ 1ರಂದು, ಉಳಿದ ಕನ್ನಡ ಸೀಮೆಗಳು ಒಂದುಗೂಡಿದ ದಿವಸವೇ, ಕೇರಳಕ್ಕೆ ಸೇರಿಹೋಯಿತು. ನಮ್ಮ ಮನೆಯಲ್ಲಿ ಹಬ್ಬವಾದ ದಿನ ಅವರ ಮನೆಯಲ್ಲಿ ದೀಪವಿರಲಿಲ್ಲ. ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು ಆ ನೆಲದವರು. ಯಕ್ಷಗಾನದ ಪಾರ್ತಿಸುಬ್ಬನೂ ಆ ನೆಲದವನೇ. 1915ರಲ್ಲಿ ಹುಟ್ಟಿ ನೂರು ಸಂವತ್ಸರಗಳನ್ನು ಪೂರೈಸಿ 2015ರಲ್ಲಿ ದಿವಂಗತರಾದ ಕಯ್ಯಾರ ಕಿಞ್ಞಣ್ಣ ರೈಗಳು ಪೆರಡಾಲದ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದುಕೊಂಡು ಕಾಸರಗೋಡಿನ ವಿಲೀನಕ್ಕಾಗಿ ಜೀವಮಾನವನ್ನೇ ಸವೆಸಿದರು. 1966ರಲ್ಲಿ ನೇಮಕವಾದ ಮಹಾಜನ ಆಯೋಗವು ಚಂದ್ರಗಿರಿ ನದಿಯ ಉತ್ತರದ ಭಾಗವು ಕನ್ನಡ ನಾಡಿಗೆ ಸಲ್ಲಬೇಕೆಂದು 1967ರಲ್ಲಿ ವರದಿಯನ್ನು ಒಪ್ಪಿಸಿತು. ಅದು ಕಾರ್ಯರೂಪಕ್ಕೆ ಬಾರದೆ ಉಳಿದಿದೆ. ಆ ನ್ಯಾಯದ ಬೇಡಿಕೆಯನ್ನು ನಾವು ಬಿಟ್ಟುಕೊಡುವವರಲ್ಲ. ಆದರೆ ಎಲ್ಲೆಯ ವ್ಯಾಜ್ಯವೇ ಬೇರೆ, ಶಾಲೆಯ ವ್ಯಾಜ್ಯವೇ ಬೇರೆ. ಎಲ್ಲೆಯು ಐವತ್ತು ವರ್ಷ ಕಾಯಬಲ್ಲುದು. ಒಂದನೆಯ ತರಗತಿಯ ಮಗುವು ಒಂದು ವರ್ಷವೂ ಕಾಯಲಾರದು.

ಶಾಲೆಗಳನ್ನು ಮುಚ್ಚುವುದಾಗಿ ಯಾರೂ ಡಂಗುರ ಹೊಡೆಯಿಸುವುದಿಲ್ಲ. ಹಾಗೆ ಹೊಡೆಯಿಸಿದ್ದರೆ ಎದುರು ನಿಲ್ಲುವುದು ಸುಲಭವಾಗುತ್ತಿತ್ತು. ನಿವೃತ್ತರಾದ ಉಪಾಧ್ಯಾಯರ ಸ್ಥಾನವು ಬರಿದಾಗಿಯೇ ಉಳಿಯುತ್ತದೆ. ಪಠ್ಯಪುಸ್ತಕವು ತಡವಾಗುತ್ತದೆ. ಮಕ್ಕಳ ಸಂಖ್ಯೆ ಇಳಿಯಿತೆಂದು ಕನ್ನಡದ ಒಂದು ವಿಭಾಗವು ಕಡಿಮೆಯಾಗುತ್ತದೆ. ವಿಭಾಗವು ಕಡಿಮೆಯಾದುದರಿಂದ ಮರುವರ್ಷ ಮಕ್ಕಳ ಸಂಖ್ಯೆ ಇನ್ನೂ ಇಳಿಯುತ್ತದೆ. ಕೊನೆಗೆ ಆ ಶಾಲೆಯು ಲಾಭಕರವಲ್ಲದ ಶಾಲೆಯೆಂಬ ಪಟ್ಟಿಗೆ ಸೇರುತ್ತದೆ. ಕನ್ನಡದಲ್ಲಿ ಪಾಠ ಹೇಳಬೇಕಾದ ತರಗತಿಗೆ ಕನ್ನಡ ಬಾರದ ಉಪಾಧ್ಯಾಯರನ್ನು ನೇಮಿಸಿದುದಕ್ಕಾಗಿ ಮಕ್ಕಳೂ ತಂದೆತಾಯಿಗಳೂ ಬೀದಿಗಿಳಿದು ಪ್ರತಿಭಟಿಸಿದ ಪ್ರಸಂಗಗಳು ಈಚಿನ ವರ್ಷಗಳಲ್ಲಿ ಕಾಸರಗೋಡು ಜಿಲ್ಲೆಯಲ್ಲಿ ಒಂದೆರಡಲ್ಲ. ಗಣಿತವನ್ನು ಕಲಿಯಬಂದ ಮಗುವು ಗುರುವಿನ ಮುಖವನ್ನೂ ಗುರುವು ಮಗುವಿನ ಮುಖವನ್ನೂ ನೋಡುತ್ತ ಕುಳಿತರೆ ಅದನ್ನು ಪಾಠವೆನ್ನಬಹುದೆ? ಹಾಜರಿ ಪುಸ್ತಕದಲ್ಲಿ ಮಾತ್ರ ಎಲ್ಲವೂ ಸರಿಯಾಗಿಯೇ ಇರುತ್ತದೆ.

ಇದು ದಾನದ ಪ್ರಶ್ನೆಯಲ್ಲ, ಹಕ್ಕಿನ ಪ್ರಶ್ನೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣ ದೊರೆಯಲು ಸಾಕಷ್ಟು ಸೌಕರ್ಯವನ್ನು ಒದಗಿಸಲು ಪ್ರತಿಯೊಂದು ರಾಜ್ಯವೂ ಪ್ರಯತ್ನಿಸತಕ್ಕದ್ದೆಂದು, ಪ್ರಾಂತಗಳ ಪುನರ್ವಿಂಗಡಣೆಯಾದ 1956ರಲ್ಲಿಯೇ ಸಂವಿಧಾನಕ್ಕೆ 350ಎ ವಿಧಿಯನ್ನು ಸೇರಿಸಲಾಯಿತು. ಧನಸಹಾಯವನ್ನು ಕೊಡುವಾಗ ಒಂದು ವಿದ್ಯಾಸಂಸ್ಥೆಯು ಭಾಷಾ ಅಲ್ಪಸಂಖ್ಯಾತರ ಆಡಳಿತದಲ್ಲಿದೆಯೆಂಬ ಕಾರಣಕ್ಕಾಗಿ ಭೇದವೆಣಿಸಲಾಗದೆಂದು 30ನೆಯ ವಿಧಿಯು ಸ್ಪಷ್ಟವಾಗಿ ಹೇಳುತ್ತದೆ. ಎಲ್ಲೆಯನ್ನು ಹೇಗೆ ಎಳೆದರೂ ಕೆಲವರು ಆಚೆಗೆ ಉಳಿಯುವರೆಂಬುದನ್ನು ಅಂದಿನ ರಾಜ್ಯಕರ್ತರು ಅರಿತಿದ್ದರು. ಅವರಿಗೆ ಕೊಟ್ಟ ಮಾತು ಇದು. ಕೊಟ್ಟ ಮಾತಿಗೆ ಪ್ರತಿ ವರ್ಷವೂ ಹಣದ ಅಡಚಣೆಯ ಸಬೂಬು ಸಲ್ಲದು.

ಭಾಷೆಗೆ ಪಟ್ಟ ಕಟ್ಟಿ ಭಾಷಿಕರನ್ನು ಮರೆತರೆ ಏನಾಗುವುದೆಂಬುದಕ್ಕೆ ಐರ್ಲೆಂಡು ದೇಶವನ್ನು ನೋಡಬೇಕು. ಸ್ವಾತಂತ್ರ್ಯಕ್ಕಾಗಿ ಹೋರಾಡಿದ ಆ ನಾಡು 1937ರ ತನ್ನ ರಾಜ್ಯಾಂಗದಲ್ಲಿ ಐರಿಷ್ ಭಾಷೆಯನ್ನು ರಾಷ್ಟ್ರಭಾಷೆಯೆಂದೂ ಮೊದಲನೆಯ ಅಧಿಕೃತ ಭಾಷೆಯೆಂದೂ ಘೋಷಿಸಿತು. ಪಶ್ಚಿಮದ ಕಡಲ ತಡಿಯಲ್ಲಿ ಹರಡಿರುವ, ಐರಿಷ್ ಇನ್ನೂ ಮನೆಮಾತಾಗಿರುವ ಊರುಗಳಿಗೆ ಗೇಲ್ಟಖ್ಟ್ ಎಂದು ಹೆಸರು. ಅವುಗಳ ಉದ್ಯೋಗ ಮತ್ತು ಭಾಷೆಯ ಪೋಷಣೆಗಾಗಿ 1980ರಲ್ಲಿ ಒಂದು ಪ್ರಾಧಿಕಾರವನ್ನೂ ರಚಿಸಲಾಯಿತು. ಆದರೆ 2008ರ ಆರ್ಥಿಕ ಸಂಕಟವು ಬಂದೊಡನೆ ಆ ಪ್ರಾಧಿಕಾರದ ಹಣವನ್ನು ಬಲವಾಗಿ ಕಡಿದರು. 2011ರ ಡಿಸೆಂಬರಿನ ಆಯವ್ಯಯದಲ್ಲಿ ಸಣ್ಣ ಶಾಲೆಗಳು ಉಪಾಧ್ಯಾಯರನ್ನು ಉಳಿಸಿಕೊಳ್ಳಲು ಬೇಕಾದ ಮಕ್ಕಳ ಸಂಖ್ಯೆಯನ್ನು ಏರಿಸಿದರು. ಆ ಏಟು ಸಣ್ಣ ಸಣ್ಣ ಐರಿಷ್ ಊರುಗಳ ಶಾಲೆಗಳಿಗೂ ತಗುಲಿತು. ಭಾಷೆಯ ಹಕ್ಕುಗಳನ್ನು ಕಾಯಲು ಸರಕಾರವೇ ನೇಮಿಸಿದ್ದ ಆಯುಕ್ತರು 2013ರ ಡಿಸೆಂಬರಿನಲ್ಲಿ ಮನನೊಂದು ರಾಜೀನಾಮೆಯನ್ನು ಸಾರಿದರು. 2014ರ ಫೆಬ್ರವರಿಯಲ್ಲಿ ಸಹಸ್ರಾರು ಮಂದಿ ಕೆಂಪು ಉಡುಪನ್ನು ತೊಟ್ಟು ಡಬ್ಲಿನ್ ನಗರದಲ್ಲಿ ಮೆರವಣಿಗೆ ನಡೆಸಿದರು. ಅದೇ ಭಾಷೆಗೆ 2022ರ ಜನವರಿ 1ರಿಂದ ಯೂರೋಪಿನ ಒಕ್ಕೂಟದಲ್ಲಿ ಪೂರ್ಣ ಸ್ಥಾನವು ದೊರೆಯಿತು. ಅದೇ ವರ್ಷದ ಜನಗಣತಿಯಲ್ಲಿ ಗೇಲ್ಟಖ್ಟಿನ ಸುಮಾರು 1,06,000 ನಿವಾಸಿಗಳಲ್ಲಿ ಶಾಲೆಯ ಹೊರಗೆ ದಿನನಿತ್ಯವೂ ಐರಿಷ್ ನುಡಿಯುವವರು 20,261 ಮಂದಿ ಮಾತ್ರವೆಂದು ಕಂಡುಬಂತು. ಸಿಂಹಾಸನವು ದೊರೆಯಿತು, ಪ್ರಜೆಗಳು ಕರಗಿದರು.

ಪರದೇಶದವರನ್ನು ಆಡಿಕೊಳ್ಳುವುದು ಸುಲಭ. ನಮ್ಮ ಮನೆಯ ಸಂಗತಿಯೇನು? 2008ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನವು ದೊರೆತಾಗ ನಾವೆಲ್ಲರೂ ಹಿಗ್ಗಿದೆವು. ಹತ್ತು ವರ್ಷಗಳ ತರುವಾಯ, 2018ರ ಜುಲೈ ತಿಂಗಳ ಆಯವ್ಯಯದಲ್ಲಿ, ಕರ್ನಾಟಕದ ಸರಕಾರವೇ 28,847 ಶಾಲೆಗಳನ್ನು ನೆರೆಯ 8,530 ಶಾಲೆಗಳೊಡನೆ ವಿಲೀನಗೊಳಿಸುವ ಯೋಜನೆಯನ್ನು ಮುಂದಿಟ್ಟಿತು. ಸಾಹಿತಿಗಳೂ ಶಿಕ್ಷಣತಜ್ಞರೂ ಅದನ್ನು ವಿರೋಧಿಸಿ ನಿಂತರು. ಇಲ್ಲಿಯೂ ಅದೇ ಮಾತು, ಮಕ್ಕಳು ಕಡಿಮೆ, ವೆಚ್ಚ ಹೆಚ್ಚು. ತನ್ನ ಅಂಗಳದಲ್ಲಿ ಈ ತರ್ಕವನ್ನು ಒಪ್ಪಿಕೊಂಡ ಸರಕಾರವು ತಿರುವನಂತಪುರಕ್ಕೂ ಮುಂಬಯಿಗೂ ಯಾವ ಮುಖದಿಂದ ಬುದ್ಧಿ ಹೇಳೀತು? ಮಾತೃಭಾಷೆಯ ಮಾಧ್ಯಮವನ್ನು ಬಲವಂತದಿಂದ ವಿಧಿಸಲು ಸರಕಾರಕ್ಕೆ ಅಧಿಕಾರವಿಲ್ಲವೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2014ರ ಮೇ 6ರಂದು ತೀರ್ಪಿತ್ತ ಬಳಿಕ ಈ ಮಾತು ಇನ್ನೂ ದಿಟವಾಗಿದೆ. ಆಜ್ಞೆಯಿಂದ ಕನ್ನಡ ಶಾಲೆಯನ್ನು ತುಂಬಿಸುವ ದಾರಿಯು ಮುಚ್ಚಿಹೋಯಿತು. ಉಳಿದಿರುವುದು ಒಳ್ಳೆಯ ಶಾಲೆಯನ್ನು ಕಟ್ಟಿ ತಂದೆತಾಯಿಗಳ ಮನಸ್ಸನ್ನು ಗೆಲ್ಲುವ ದಾರಿಯೊಂದೇ, ಆ ದಾರಿಗೆ ಹಣವು ಬೇಕು. ಶಾಲೆಯ ಹಣವನ್ನು ಕಡಿಯುವವರು ಕನ್ನಡದ ಕಡೆಯ ಆಯುಧವನ್ನೇ ಕಸಿದುಕೊಳ್ಳುವರು.

"ಕಾಸರಗೋಡೆಲ್ಲಿ, ಅಜ್ಜಂಪುರವೆಲ್ಲಿ? ನಮ್ಮ ಸುತ್ತಲೂ ಕನ್ನಡವೇ ಇರುವಾಗ ನಮಗೇಕೆ ಈ ಚಿಂತೆ?" ಎಂದು ಕೇಳುವವರು ನಮ್ಮ ಪೇಟೆಯಲ್ಲಿಯೂ ಇರಬಹುದು. ಈ ಪ್ರಶ್ನೆಯು ಹೊಸದಲ್ಲ. ಏಕೀಕರಣದ ಕಾಲದಲ್ಲಿ ನಮ್ಮ ಹಳೆಯ ಮೈಸೂರು ಸೀಮೆಯ ಎಷ್ಟೋ ಮಂದಿ ಗಣ್ಯರು, ತಮ್ಮ ಸುಖೀರಾಜ್ಯಕ್ಕೆ ಬಡ ಸೀಮೆಗಳ ಭಾರವೇಕೆಂದು ಹಿಂಜರಿದುದುಂಟು. ಆ ಹಿಂಜರಿಕೆಯನ್ನು ಇಂದು ಯಾರೂ ಅಭಿಮಾನದಿಂದ ನೆನೆಯರು. ಕಾಸರಗೋಡಿನ ಸರಕಾರಿ ಶಾಲೆಯ ಕಥೆಯುಳ್ಳ ಚಲನಚಿತ್ರವು 2018ರಲ್ಲಿ ತೆರೆಗೆ ಬಂದಾಗ ನಾಡಿನೆಲ್ಲೆಡೆ ಜನರು ನಕ್ಕರು, ಅತ್ತರು, ಚಪ್ಪಾಳೆ ತಟ್ಟಿದರು. ಚಪ್ಪಾಳೆಯಿಂದ ಒಬ್ಬ ಉಪಾಧ್ಯಾಯನ ಸಂಬಳವೂ ಹುಟ್ಟುವುದಿಲ್ಲ.

ಶಾಲೆಯಿಂದ ಸೀಮೆಯೊಂದು ಕನ್ನಡಕ್ಕೆ ಉಳಿಯಬಲ್ಲುದೆ ಎಂದು ಸಂಶಯಪಡುವವರು ಧಾರವಾಡದ ಚರಿತ್ರೆಯನ್ನು ಓದಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಮುಂಬಯಿ ಆಧಿಪತ್ಯದ ಆ ಭಾಗದಲ್ಲಿ ಮಕ್ಕಳು ಮರಾಠಿ ಶಾಲೆಗಳಲ್ಲಿ ಕಲಿಯುತ್ತಿದ್ದ ಕಾಲವೊಂದಿತ್ತು. ಡೆಪ್ಯುಟಿ ಚೆನ್ನಬಸಪ್ಪನವರು ವಿದ್ಯಾ ಇಲಾಖೆಯ ಒಳಗಿದ್ದೇ ಕನ್ನಡ ಶಾಲೆಗಳನ್ನು ತೆರೆಯಿಸಿ, ಅವುಗಳಿಗೆ ಬೇಕಾದ ಉಪಾಧ್ಯಾಯರನ್ನು ತಯಾರುಮಾಡಿದರು. ಆ ಶಾಲೆಗಳಲ್ಲಿ ಕಲಿತ ಪೀಳಿಗೆ ಇದ್ದುದರಿಂದಲೇ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಆಲೂರು ವೆಂಕಟರಾಯರ ಕರೆಗೆ ಓಗೊಡುವ ಜನರು ಸಿಕ್ಕಿದರು. ಸರಕಾರದ ಹಣವು ಸರಿಯಾದ ಕೈಯಲ್ಲಿ ಸರಿಯಾದ ಶಾಲೆಗೆ ಸಂದರೆ ಏನಾಗಬಲ್ಲುದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯವು ಬೇಕಾಗಿಲ್ಲ.

ಆದುದರಿಂದ ಕೇರಳ, ಮಹಾರಾಷ್ಟ್ರ ಸರಕಾರಗಳು ಕನ್ನಡ ತರಗತಿಗಳಿಗೆ ಕನ್ನಡದಲ್ಲಿ ಕಲಿತವರನ್ನೇ ನೇಮಿಸಬೇಕು. ಅಲ್ಪಸಂಖ್ಯಾತರ ಶಾಲೆಗಳನ್ನು ಬಹುಸಂಖ್ಯಾತರ ಶಾಲೆಗಳ ಅಳತೆಗೋಲಿನಿಂದ ಅಳೆಯದೆ, ಮಕ್ಕಳ ಸಂಖ್ಯೆಯ ವಿಷಯದಲ್ಲಿ ಬೇರೆ ನಿಯಮವನ್ನು ಮಾಡಬೇಕು. ನಮ್ಮ ಸರಕಾರವು 2010ರ ಕಾಯಿದೆಯಿಂದ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವನ್ನು ನಿರ್ಮಿಸಿರುವುದಷ್ಟೆ. ಅದರ ಹಣವು ಆಯಾ ವರ್ಷದ ಮಂತ್ರಿಗಳ ದಯೆಯನ್ನು ಅವಲಂಬಿಸದೆ ಶಾಸನದಿಂದ ನಿಶ್ಚಿತವಾಗಬೇಕು. ವರ್ಷದ ಕೊನೆಗೆ ಕಂತಿನಲ್ಲಿ ಅಲ್ಲ, ಶಾಲೆಯು ತೆರೆಯುವ ಜೂನ್ ತಿಂಗಳಿನಲ್ಲಿಯೇ ಕೈಸೇರಬೇಕು. ಯಾವ ಶಾಲೆಗೆ ಎಷ್ಟು ಸಂದಿತೆಂಬ ಲೆಕ್ಕವು ಜನರ ಮುಂದೆ ಬರಬೇಕು. ಅದರಂತೆಯೇ ನಮ್ಮ ರಾಜ್ಯದೊಳಗಿನ ಉರ್ದು, ಮರಾಠಿ, ತೆಲುಗು, ತಮಿಳು ಶಾಲೆಗಳಿಗೂ, ತುಳು, ಕೊಡವ, ಕೊಂಕಣಿ, ಬ್ಯಾರಿ ನುಡಿಗಳ ಅಕಾಡೆಮಿಗಳಿಗೂ ಕೈಬಿಗಿ ಹಿಡಿಯಲಾಗದು. ನಾವು ಆಚೆಗೆ ಬೇಡುವ ನ್ಯಾಯವನ್ನು ಈಚೆಗೆ ಕೊಡದಿದ್ದರೆ ನಮ್ಮ ಬೇಡಿಕೆಗೆ ಬೆಲೆಯಿರದು.

ಕಡೆಯದಾಗಿ ನಮ್ಮ ಉಪಾಧ್ಯಾಯ ಬಂಧುಗಳಲ್ಲಿ ಒಂದು ವಿಜ್ಞಾಪನೆ. ಕಡೂರು, ತರೀಕೆರೆ, ಅಜ್ಜಂಪುರಗಳ ಒಂದೊಂದು ಶಾಲೆಯೂ ಗಡಿಯಾಚೆಯ ಒಂದೊಂದು ಕನ್ನಡ ಶಾಲೆಯೊಡನೆ ನಂಟು ಬೆಳೆಸಲಿ. ನಮ್ಮ ಮಕ್ಕಳು ಅಲ್ಲಿಯ ಮಕ್ಕಳಿಗೆ ಕಾಗದ ಬರೆಯಲಿ, ಪುಸ್ತಕ ಕಳುಹಿಸಲಿ, ರಜೆಯಲ್ಲಿ ಹೋಗಿ ಬರಲಿ. ಆ ಶಾಲೆಯಲ್ಲಿ ಉಪಾಧ್ಯಾಯರ ಸ್ಥಾನವು ಬರಿದಾದ ಸುದ್ದಿಯು ಒಂದು ವಾರದೊಳಗೆ ಇಲ್ಲಿಗೆ ತಲುಪಿ, ಇಲ್ಲಿಯ ಶಾಸಕರ ಮನೆಯ ಬಾಗಿಲನ್ನು ತಟ್ಟುವಂತಾದರೆ, ಸದ್ದಿಲ್ಲದೆ ಕಡಿಯುವ ಕತ್ತರಿಯು ಸ್ವಲ್ಪ ಹೆದರೀತು. 1860ರಲ್ಲಿ ಹಿಂಡುಗಳನ್ನು ಮಾರಿದವರಿಗೆ ತಪ್ಪನ್ನು ತಿದ್ದಿಕೊಳ್ಳಲು ಆರು ವರ್ಷಗಳ ಅವಕಾಶವಾದರೂ ಇತ್ತು. ಆರು ವರ್ಷ ಕನ್ನಡವಿಲ್ಲದ ಶಾಲೆಯಲ್ಲಿ ಕಳೆದ ಮಗುವು ಅಷ್ಟರಲ್ಲಿ ಪ್ರಾಥಮಿಕ ವಿದ್ಯೆಯನ್ನೇ ಮುಗಿಸುವ ಹಂತಕ್ಕೆ ಬಂದಿರುತ್ತದೆ. ಈ ಅಂತರವನ್ನು ನಮ್ಮ ಸರಕಾರವೂ ನಮ್ಮ ಜನರೂ ಈಗಲೇ ಮನಗಾಣುವರೆಂದು ನಂಬುವೆವು.