ವಿಕಲಚೇತನರ ಕಾಯಿದೆ ಮತ್ತು ನಮ್ಮ ಘಟಕಗಳು

2007ನೇ ಇಸವಿಯನ್ನು ನಾವು ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆಯಾದ ವರ್ಷವೆಂದು ನೆನೆಯುತ್ತೇವೆ. ಅದೇ ವರ್ಷದ ಅಕ್ಟೋಬರ್ 1ರಂದು ಭಾರತವು ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಅನುಮೋದಿಸಿತು. ಅದಕ್ಕೆ ಅನುಗುಣವಾದ ಕಾಯಿದೆಗೆ 2016ರ ಡಿಸೆಂಬರ್‌ವರೆಗೆ ಕಾಯಬೇಕಾಯಿತು. ಜಾರಿಯಾದದ್ದು 2017ರ ಏಪ್ರಿಲ್ 19ರಂದು.

ಇದು ಸರ್ಕಾರಿ ಕಚೇರಿಗಳ ವಿಷಯವೆಂಬ ಭಾವನೆ ವರ್ತಕರಲ್ಲಿ ಸಾಮಾನ್ಯ. ಶೇ. 4ರ ಮೀಸಲಾತಿಯ ಮಟ್ಟಿಗೆ ಅದು ನಿಜ. ಆದರೆ ಕಾಯಿದೆಯ 'ಖಾಸಗಿ ಸಂಸ್ಥೆ' ಎಂಬ ಪದದೊಳಗೆ ಕಂಪನಿ, ಪಾಲುದಾರಿಕೆ, ಸಹಕಾರ ಸಂಘ, ಕಾರ್ಖಾನೆ ಎಲ್ಲವೂ ಸೇರಿವೆ. 21ನೇ ಪ್ರಕರಣದಂತೆ ಪ್ರತಿ ಸಂಸ್ಥೆಯೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸತಕ್ಕದ್ದು. 20 ಅಥವಾ ಹೆಚ್ಚು ನೌಕರರಿದ್ದರೆ ಸೂಕ್ತ ಹುದ್ದೆಗಳ ಪಟ್ಟಿ, ಸಂಪರ್ಕಾಧಿಕಾರಿಯ ನೇಮಕ ಮುಂತಾದ ವಿವರಗಳಿರಬೇಕು. ಕಡಿಮೆ ಇದ್ದರೆ ಒದಗಿಸುವ ಸೌಲಭ್ಯಗಳನ್ನು ಬರೆದರೆ ಸಾಕು. ಮೊದಲ ಉಲ್ಲಂಘನೆಗೆ 10,000 ರೂಪಾಯಿವರೆಗೆ, ಅನಂತರದವಕ್ಕೆ 50,000 ರೂಪಾಯಿಯಿಂದ 5 ಲಕ್ಷದವರೆಗೆ ದಂಡವುಂಟು. ಒಂದು ಹಾಳೆಯ ಕೆಲಸವಿದು. ನಮ್ಮಂಥವರಿಗೆ ಶುಲ್ಕ ಕೊಟ್ಟು ಬರೆಸಬೇಕಾದದ್ದೂ ಅಲ್ಲ.

ನನ್ನ ಆಕ್ಷೇಪವಿರುವುದು ಬೇರೆಡೆ. ಒಡಂಬಡಿಕೆಯ 27ನೇ ಅನುಚ್ಛೇದವು ಕೆಲಸದಲ್ಲಿರುವಾಗ ವಿಕಲರಾದವರ ದುಡಿಯುವ ಹಕ್ಕನ್ನೂ ರಕ್ಷಿಸಬೇಕೆನ್ನುತ್ತದೆ. ಸರ್ಕಾರಿ, ಖಾಸಗಿ ಎಂಬ ಭೇದ ಅಲ್ಲಿಲ್ಲ. ನಮ್ಮ ಕಾಯಿದೆಯ 20ನೇ ಪ್ರಕರಣವಾದರೋ ಸರ್ಕಾರಿ ಸಂಸ್ಥೆಯನ್ನಷ್ಟೇ ಕಟ್ಟಿಹಾಕುತ್ತದೆ: ಅಂಥ ನೌಕರನನ್ನು ತೆಗೆಯುವಂತಿಲ್ಲ, ಹುದ್ದೆ ಇಳಿಸುವಂತಿಲ್ಲ, ಹಳೆಯ ಕೆಲಸ ಆಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಕೆಲಸ ಕೊಡಬೇಕು. ಸಾರಿಗೆ ನಿಗಮದ ಚಾಲಕನಿಗೆ ಈ ರಕ್ಷಣೆಯುಂಟು. ಶಿಡ್ಲಘಟ್ಟದ ನೂಲು ಬಿಚ್ಚಾಣಿಕೆ ಘಟಕದಲ್ಲಿ ಕುದಿನೀರಿಗೆ ಕೈ ಬೆಂದವನಿಗಾಗಲಿ, ಚಿಂತಾಮಣಿಯ ಗಿರಣಿಯಲ್ಲಿ ಬೆಲ್ಟಿಗೆ ಸಿಕ್ಕಿ ಬೆರಳು ಕಳೆದುಕೊಂಡವನಿಗಾಗಲಿ ಇಲ್ಲ. ಪರಿಹಾರ ಕೊಟ್ಟು ಲೆಕ್ಕ ಚುಕ್ತಾ ಮಾಡಿದರೆ ಮಾಲೀಕನ ಹೊಣೆ ತೀರಿತೆಂಬುದು ರೂಢಿ.

ಹದಿನೈದು ವರ್ಷ ದುಡಿದವನು ಗೂಡನ್ನು ನೋಡಿಯೇ ಅದರ ಗುಣ ಹೇಳಬಲ್ಲ. ಬೆರಳಿನೊಂದಿಗೆ ಆ ತಿಳಿವಳಿಕೆ ಹೋಗುವುದಿಲ್ಲ. ಗೂಡಿನ ಆಯ್ಕೆ, ತೂಕ, ದಾಸ್ತಾನು ಪುಸ್ತಕ ಇವೆಲ್ಲ ಅವನಿಂದ ಆಗುವ ಕೆಲಸಗಳು. ಜಮಾ ಖರ್ಚಿನಲ್ಲಿ ಅನುಭವಕ್ಕೆ ಖಾತೆಯಿಲ್ಲವಾದ್ದರಿಂದ ಅವನನ್ನು ಕಳುಹಿಸಿದ ನಷ್ಟ ನಮಗೆ ಕಾಣುವುದಿಲ್ಲ, ಅಷ್ಟೆ.

ನಾಲ್ಕು ಜನರ ಘಟಕದಲ್ಲಿ ಬೇರೆ ಕೆಲಸ ಎಲ್ಲಿಂದ ತರುವುದೆಂಬ ಪ್ರಶ್ನೆ ನ್ಯಾಯವಾದದ್ದೇ. ಒಬ್ಬರಲ್ಲಿಲ್ಲದ ಕೆಲಸ ಇನ್ನೊಬ್ಬ ಸದಸ್ಯರಲ್ಲಿ ಇದ್ದೀತು. ಅಂಥವರ ಹೆಸರುಗಳಿಗೆ ಸಂಘದ ಕಚೇರಿಯಲ್ಲೇ ಒಂದು ದಾಖಲೆ ಪುಸ್ತಕ ಇಡಬಹುದು. 35ನೇ ಪ್ರಕರಣವು ಖಾಸಗಿ ಮಾಲೀಕರಿಗೆ ಪ್ರೋತ್ಸಾಹಧನ ಕೊಡುವ ಹೊಣೆಯನ್ನು ಸರ್ಕಾರಗಳ ಮೇಲೆ ಹೊರಿಸಿದೆ. ಸಣ್ಣ ಘಟಕಗಳ ಪರವಾಗಿ ಅದನ್ನು ಕೇಳಬೇಕಾದದ್ದೂ ಸಂಘವೇ. ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಈ ಎರಡನ್ನೂ ಸೇರಿಸಬೇಕೆಂದು ಕಾರ್ಯದರ್ಶಿಯವರನ್ನು ಕೋರಿದ್ದೇನೆ.